ಗಾಳದ ತುದಿಯ ಒಂದೂವರೆ ಅಡಿ: ತೇಲೋ ಗಾಳಕ್ಕೆ ಯಾವ ತಂಗೂಸಿ?

ಬಲಸಮುದ್ರ: ಮಳೆ ಬಂದು ಕೆರೆಗೆ ನಾಲ್ಕು ಅಡಿ ನೀರು ನಿಂತರೆ ಸಾಕು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಅಂಗಡಿಗಳಲ್ಲಿ ಒಂದು ಮಾತು ಶುರುವಾಗುತ್ತೆ. "ಅಣ್ಣಾ, ಗಾಳಕ್ಕೆ ತಂಗೂಸಿ ಕೊಡಿ." ಒಳಗಿಂದ ಬರೋ ಪ್ರಶ್ನೆಯೂ ಒಂದೇ: "ದಪ್ಪದ್ದಾ, ಸಣ್ಣದಾ?" ಗಿರಾಕಿ ಹೆಚ್ಚು ಯೋಚನೆ ಮಾಡಲ್ಲ. ದೊಡ್ಡ ಮೀನು ಬಿದ್ದರೆ ಕಿತ್ಕೊಂಡು ಹೋಗಬಾರದು ಅಂತ ದಪ್ಪದ್ದೇ ಕೇಳ್ತಾನೆ. ಬಿದಿರು ಕೋಲಿನ ತುದಿಯಿಂದ ಕೊಕ್ಕೆವರೆಗೂ ಅದೇ ಒಂದೇ ದಪ್ಪದ ದಾರ ಕಟ್ತಾನೆ.

ಎರೆಹುಳು ಸಿಕ್ಕಿಸಿ, ಸೀಸ ಕಟ್ಟಿ, ತಳಕ್ಕೆ ಇಳಿಸಿ ಕೂರೋರಿಗೆ ಇದರಲ್ಲಿ ಅಂಥ ತೊಂದರೆ ಇಲ್ಲ. ತೊಂದರೆ ಬರೋದು ಮೀನು ಮೇಲೆ ಬಂದು ತಿನ್ನೋ ಹೊತ್ತಲ್ಲಿ. ಕಣ್ಣೆದುರಿಗೇ ನೀರಿನ ಮೇಲೆ ಉಂಗುರ ಉಂಗುರ ಏಳ್ತಿರುತ್ತೆ, ತೇಲಿ ಬಂದ ಹುಳವನ್ನೆಲ್ಲ ಮೀನು ನುಂಗ್ತಿರುತ್ತೆ, ಗಾಳಕ್ಕೆ ಸಿಕ್ಕಿಸಿದ ಹುಳವನ್ನ ಮಾತ್ರ ಮುಟ್ಟಲ್ಲ. ಸುತ್ತ ಹೋಗುತ್ತೆ, ಮೂತಿ ತಾಗಿಸುತ್ತೆ, ತಿರುಗಿ ಹೋಗುತ್ತೆ. "ಮೀನು ಬುದ್ಧಿ ಕಲಿತ್ಬಿಟ್ಟವೆ" ಅಂತ ಬೈಯೋದುಂಟು. ಅದರಲ್ಲಿ ಅರ್ಧ ತಪ್ಪು ಕೊಕ್ಕೆಯ ಮೇಲಿರೋ ಒಂದೂವರೆ ಅಡಿ ದಾರದ್ದು.

ಈಸಲು ಏಳೋ ಸಂಜೆ

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಹುತ್ತದಿಂದ ಈಸಲು ಹುಳ ಏಳೋದು ಈ ಭಾಗದೋರಿಗೆ ಹೇಳಿಕೊಡಬೇಕಾಗಿಲ್ಲ. ಹುರಿದು ಪುರಿ ಜೊತೆ ತಿಂದವರೂ ಇದ್ದಾರೆ. ಆ ಹುಳಗಳಲ್ಲಿ ಒಂದಷ್ಟು ಕೆರೆ ನೀರಿಗೆ ಬೀಳ್ತವೆ. ರೆಕ್ಕೆ ಒದ್ದೆಯಾಗಿ ಮೇಲೆ ಏಳೋಕಾಗದೆ ನೀರಿನ ಮೈಮೇಲೇ ಒದ್ದಾಡ್ತವೆ. ಪಕ್ಕೆ, ಜಿಲೇಬಿಗಳು, ಒಮ್ಮೊಮ್ಮೆ ಕಾಟ್ಲಾ ಕೂಡ ಮೇಲೆ ಬಂದು ಅವನ್ನ ಹೀರ್ತವೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿರೋದೇ ಮೇಲ್ನೀರಲ್ಲಿ ಮೇಯೋಕೆ. ರೋಹು ನಡು ನೀರಿನದು, ಮೃಗಾಲ್ ತಳದ್ದು.

ನೀರಿನ ಮೇಲೆ ತೇಲೋ ಹುಳದ ಥರ ಕಾಣೋ ಗಾಳ ಬಿಟ್ಟು ಮೀನು ಹಿಡಿಯೋ ಪದ್ಧತಿಗೆ ಹೊರದೇಶಗಳಲ್ಲಿ ಡ್ರೈ ಫ್ಲೈ ಅಂತ ಹೆಸರು. ಅಲ್ಲಿ ನಿಜವಾದ ಹುಳ ಸಿಕ್ಕಿಸಲ್ಲ. ಕೋಳಿ ಗರಿ, ದಾರ, ಕೂದಲು ಸುತ್ತಿ ಕೊಕ್ಕೆಯನ್ನೇ ಹುಳದ ಥರ ಮಾಡ್ತಾರೆ. ಒಣಗಿದ್ದಂತೆ ಮೇಲೇ ತೇಲಬೇಕು, ಮುಳುಗಬಾರದು, ಅದಕ್ಕೇ 'ಡ್ರೈ'. ಟ್ರೌಟ್ ಮೀನಿಗೆ ಬೆಳೆದ ವಿದ್ಯೆ ಇದು. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನೀಲಗಿರಿಯ ತಣ್ಣನೆ ತೊರೆಗಳಲ್ಲಿ ಬೆಳೆದವು. ಕರ್ನಾಟಕದಲ್ಲಿ ಈ ಥರದ ಗರಿ ಗಾಳ ಬೀಸೋರು ಹೆಚ್ಚಾಗಿ ಕಾಣೋದು ಕಾವೇರಿ ಕಡೆ, ಮಶೀರ್ ಮೀನಿಗೆ. ಕೊಡಗಿನ ವಾಲ್ನೂರು ಅದಕ್ಕೆ ಹೆಸರಾದ ಜಾಗ, ಅಲ್ಲಿ ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಡೋದು ಪದ್ಧತಿ.

ಜಯಮಂಗಲಿ ಬಯಲಿನ ಕೆರೆಗಳಲ್ಲಿ ಟ್ರೌಟೂ ಇಲ್ಲ, ಮಶೀರೂ ಇಲ್ಲ. ಆದರೆ ಈಸಲು ಹುಳವನ್ನೋ, ಒಂದು ಕಾಳು ಪುರಿಯನ್ನೋ ಸೀಸ ಇಲ್ಲದೆ ತೇಲಿಬಿಡೋ ಹುಡುಗ ಮಾಡ್ತಿರೋದೂ ಅದೇ ಕೆಲಸ. ಹಾಗಾಗಿ ಡ್ರೈ ಫ್ಲೈನೋರು ಬಹಳ ವರ್ಷ ತಲೆಕೆಡಿಸಿಕೊಂಡ ದಾರದ ಲೆಕ್ಕ ಇಲ್ಲಿಗೂ ಬರುತ್ತೆ.

ಬಾರುಕೋಲಿನ ಉಪಾಯ

ಅವರ ದಾರ ಒಂದೇ ದಪ್ಪದ್ದಲ್ಲ. ಕೋಲಿನ ಕಡೆ ದಪ್ಪ, ಬರ್ತಾ ಬರ್ತಾ ಸಣ್ಣ. ಈ ಇಳಿಯೋ ಭಾಗಕ್ಕೆ ಲೀಡರ್ ಅಂತಾರೆ, ಸಾಮಾನ್ಯವಾಗಿ ಒಂಬತ್ತು ಅಡಿ. ಅದರ ತುದಿಗೆ ಗಂಟು ಹಾಕಿ ಸೇರಿಸೋ, ಎಲ್ಲಕ್ಕಿಂತ ಸಣ್ಣಗಿರೋ ಒಂದೂವರೆ ಎರಡು ಅಡಿ ತುಂಡಿಗೆ ಟಿಪ್ಪೆಟ್ ಅಂತಾರೆ. ಇಲ್ಲಿನ ಮಾತಲ್ಲಿ ನಡು ದಾರ, ತುದಿ ದಾರ ಅಂದ್ಕೊಂಡ್ರೆ ಸಾಕು.

ಹೀಗೆ ಇಳಿಸೋದು ಯಾಕೆ ಅನ್ನೋದಕ್ಕೆ ಬಾರುಕೋಲು ನೋಡಬೇಕು. ಹಿಡಿ ಹತ್ತಿರ ಬಾರು ದಪ್ಪ, ತುದೀಲಿ ಎಳೆ. ಕೈಯಿಂದ ಹೊರಟ ಬೀಸು ದಪ್ಪದಿಂದ ಸಣ್ಣದಕ್ಕೆ ಹರಿದು ತುದೀವರೆಗೂ ಮುಟ್ಟುತ್ತೆ, ಬಾರು ನೆಟ್ಟಗೆ ಬಿಚ್ಚಿಕೊಳ್ಳುತ್ತೆ. ಬರೀ ದಪ್ಪ ಹಗ್ಗ ಬೀಸಿದ್ರೆ ದೊಪ್ಪಂತ ಬೀಳುತ್ತೆ. ಬರೀ ಸಣ್ಣ ದಾರ ಬೀಸಿದ್ರೆ ಗಾಳಿಗೆ ಸುರುಳಿ ಸುತ್ತಿ ಕೋಲಿನ ಹತ್ತಿರವೇ ಬೀಳುತ್ತೆ. ಗ್ರಾಂ ತೂಕವೂ ಇಲ್ಲದ ಈಸಲು ಹುಳವನ್ನ ಹದಿನೈದು ಅಡಿ ಆಚೆ ಮೆತ್ತಗೆ ಇಳಿಸಬೇಕಂದ್ರೆ ಬಾರುಕೋಲಿನ ಉಪಾಯವೇ ಬೇಕು.

ಎರಡನೇ ಕಾರಣ ಮೀನಿನ ಕಣ್ಣು. ನಿಂತ ನೀರಿನ ಮೇಲೆ ದಪ್ಪ ತಂಗೂಸಿ ಬಿದ್ದರೆ ನೀರಿನ ಮೈ ಗೆರೆ ಎಳೆದಂತೆ ತಗ್ಗುತ್ತೆ. ಕೆಳಗಿನಿಂದ ನೋಡೋ ಮೀನಿಗೆ ಆ ತಗ್ಗು ಬೆಳಕಿನ ಗೀಟಾಗಿ ಕಾಣುತ್ತೆ. ಮೂರನೇ ಕಾರಣ ಇನ್ನೂ ಸರಳ. ದಪ್ಪ ದಾರ ಗಡುಸು, ಹುಳವನ್ನ ಅದರ ಪಾಡಿಗೆ ತೇಲೋಕೆ ಬಿಡಲ್ಲ. ಗಾಳಿಗೆ ಎಲ್ಲಾ ಹುಳ ಒಂದು ಕಡೆ ಹೋಗ್ತಿದ್ರೆ ಗಾಳದ ಹುಳ ಮಾತ್ರ ಎಳೆದು ಕಟ್ಟಿದಂತೆ ನಿಂತಿರುತ್ತೆ. ಮೀನಿಗೆ ಅಷ್ಟು ಸುಳಿವು ಸಾಕು.

ಬಿದಿರು ಕೋಲಿಗೆ ಒಂಬತ್ತು ಅಡಿ ಲೀಡರ್ ಏನೂ ಬೇಡ. ಜಪಾನಿನಲ್ಲಿ ತೆಂಕಾರಾ ಅಂತ ಒಂದು ಪದ್ಧತಿ ಇದೆ: ಉದ್ದ ಕೋಲು, ಕೋಲಿನಷ್ಟೇ ಉದ್ದದ ದಾರ, ತುದಿಗೆ ಸಣ್ಣ ಎಳೆ, ರೀಲ್ ಇಲ್ಲ. ಕೆರೆ ಏರಿ ಮೇಲಿನ ಗಾಳಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅಂದ್ರೆ ಆ ತುದಿಯ ಸಣ್ಣ ಎಳೆ ಒಂದೇ.

ರೇಷ್ಮೆ ಹುಳುವಿನ ಹೊಟ್ಟೆಯಿಂದ ಬಂದ ನಂಬರು

ಹೊರಗಿನಿಂದ ಬರೋ ತುದಿ ದಾರದ ರೀಲಿನ ಮೇಲೆ 3ಎಕ್ಸ್, 4ಎಕ್ಸ್, 5ಎಕ್ಸ್ ಅಂತ ಬರೆದಿರುತ್ತೆ. ಆನ್‌ಲೈನ್‌ನಲ್ಲಿ ತರಿಸಿದವರು ಇದೇನು ಅಂತ ಅಂಗಡಿಯಲ್ಲಿ ತೋರಿಸಿ ಕೇಳೋದುಂಟು. ಇದರ ಹಿಂದಿನ ಕತೆ ಮಧುಗಿರಿ, ಕೊರಟಗೆರೆ ಕಡೆಯ ರೇಷ್ಮೆ ಬೆಳೆಗಾರರಿಗೆ ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ.

ನೈಲಾನ್ ಬರೋಕೆ ಮುಂಚೆ ಗಾಳದ ತುದಿ ದಾರವನ್ನ ರೇಷ್ಮೆ ಹುಳುವಿನಿಂದ ಮಾಡ್ತಿದ್ದರು. ಗೂಡಿನಿಂದ ಬಿಚ್ಚಿದ ನೂಲು ಅಲ್ಲ. ನಾಲ್ಕು ಜ್ವರ ದಾಟಿ, ಸೊಪ್ಪು ತಿಂದು ಹಣ್ಣಾದ ಹುಳುವನ್ನ ಚಂದ್ರಂಕಿಗೆ ಬಿಡೋ ಬದಲು ವಿನೆಗರ್‌ನಲ್ಲಿ ನೆನೆಹಾಕ್ತಿದ್ದರು. ಆಮೇಲೆ ಹೊಟ್ಟೆ ಬಿಡಿಸಿ, ಒಳಗಿರೋ ಎರಡು ರೇಷ್ಮೆ ಗ್ರಂಥಿಗಳನ್ನ ತೆಗೆದು, ಎರಡೂ ತುದಿ ಹಿಡಿದು ಎಳೆದರೆ ಗಟ್ಟಿಯಾದ ಒಂದು ಎಳೆ ಸಿಗ್ತಿತ್ತು. ಒಂದು ಎಳೆ ಅಂದ್ರೆ ಹೆಚ್ಚು ಕಡಿಮೆ ಒಂದು ಒಂದೂವರೆ ಅಡಿ, ಅಷ್ಟೆ. ಸ್ಪೇನ್ ದೇಶದ ಮುರ್ಸಿಯಾ ಈ ಕಸುಬಿಗೆ ಹೆಸರಾಗಿತ್ತು. ಯುರೋಪಿನ ಗಾಳಗಾರರಿಗೆಲ್ಲ ದಾರ ಹೋಗ್ತಿದ್ದದ್ದು ಅಲ್ಲಿಂದ.

ಆ ಎಳೆ ಇನ್ನೂ ಸಣ್ಣ ಬೇಕಂದ್ರೆ ತೂತಿರೋ ಲೋಹದ ಹಲಗೆಯ ಮೂಲಕ ಎಳೀತಿದ್ದರು, ಅಕ್ಕಸಾಲಿಗರು ಬೆಳ್ಳಿ ತಂತಿ ಎಳೆಯೋ ಹಾಗೆ. ಒಂದು ಸಲ ಎಳೆದದ್ದು 1ಎಕ್ಸ್, ಎರಡು ಸಲ ಎಳೆದದ್ದು 2ಎಕ್ಸ್. ಎಷ್ಟು ಹೆಚ್ಚು ಸಲ ಎಳೆದರೆ ಅಷ್ಟು ಸಣ್ಣ. ಅದಕ್ಕೇ ಇವತ್ತಿಗೂ ನಂಬರು ಹೆಚ್ಚಾದಷ್ಟೂ ದಾರ ಸಣ್ಣದಾಗ್ತಾ ಹೋಗುತ್ತೆ. ಒಣಗಿದ ರೇಷ್ಮೆ ಎಳೆ ಪಟ್ ಅಂತ ಮುರೀತಿತ್ತು. ಹಾಗಾಗಿ ಗಾಳಕ್ಕೆ ಹೋಗೋ ಮುಂಚೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳೋದು ಒಂದು ಕೆಲಸವೇ ಆಗಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿ 1938ರಲ್ಲಿ ನೈಲಾನ್ ಹೊರತಂದ ಮೇಲೆ, ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ರೇಷ್ಮೆ ಎಳೆಯ ಕಾಲ ಮುಗೀತು. ನಂಬರು ಮಾತ್ರ ಉಳಕೊಂಡಿತು.

ಲೆಕ್ಕ ಸುಲಭ. ಹನ್ನೊಂದರಿಂದ ಎಕ್ಸ್ ನಂಬರು ಕಳೆದರೆ ಅಂಗುಲದ ಸಾವಿರದ ಒಂದು ಭಾಗಗಳಲ್ಲಿ ದಪ್ಪ ಸಿಗುತ್ತೆ. 5ಎಕ್ಸ್ ಅಂದ್ರೆ ಸಾವಿರದಲ್ಲಿ ಆರು ಅಂಗುಲ, ಅಂದ್ರೆ 0.15 ಮಿ.ಮೀ. 4ಎಕ್ಸ್ 0.18, 3ಎಕ್ಸ್ 0.20, 1ಎಕ್ಸ್ 0.25, ಸೊನ್ನೆ ಎಕ್ಸ್ 0.28 ಮಿ.ಮೀ. ಮೋಟಾರು ವೈಂಡಿಂಗ್ ಅಂಗಡಿಯವರಿಗೆ ಇದು ಹೊಸದಲ್ಲ, ಅವರ ತಾಮ್ರದ ತಂತಿಯ ಗೇಜ್ ಕೂಡ ಹೀಗೇ ತಿರುಗುಮುರುಗು. ಫ್ಯಾನ್ ಕಟ್ಟೋಕೆ ಬಳಸೋ 36 ಗೇಜ್ ತಂತಿ ಸುಮಾರು 0.19 ಮಿ.ಮೀ., 38 ಗೇಜ್ ಅಂದ್ರೆ ಸರಿಯಾಗಿ 5ಎಕ್ಸ್ ತಂಗೂಸಿಯ ದಪ್ಪ.

ಈ ಹೋಲಿಕೆಯಿಂದ ಒಂದು ಉಪಯೋಗವೂ ಇದೆ. ಹೆಸರಿಲ್ಲದ ರೀಲಿನ ತಂಗೂಸಿ ಎಷ್ಟು ದಪ್ಪ ಅಂತ ಗೊತ್ತಾಗದಿದ್ರೆ ವೈಂಡಿಂಗ್ ಅಂಗಡಿಯ ಸ್ಕ್ರೂಗೇಜ್‌ಗೆ ಇಟ್ಟು ನೋಡಬಹುದು, ಒಂದು ನಿಮಿಷದ ಕೆಲಸ. ಮೂರು ಕಡೆ ಅಳೆಯಬೇಕು. ಮೂರೂ ಕಡೆ ಒಂದೇ ಅಳತೆ ಬಂದ್ರೆ ಒಳ್ಳೇ ಮಾಲು. ಒಂದು ಕಡೆ 0.20, ಇನ್ನೊಂದು ಕಡೆ 0.26 ಬಂದ್ರೆ ಅದು ಗಾಳಿಪಟಕ್ಕೂ ಬೇಡ, ಹೂವಿನ ಹಾರಕ್ಕೆ ಸರಿ.

ಕೆ.ಜಿ. ನೋಡಬೇಕೋ, ಮಿ.ಮೀ. ನೋಡಬೇಕೋ

ರೀಲಿನ ಮೇಲೆ ಇಷ್ಟು ಕೆ.ಜಿ. ತಡೆಯುತ್ತೆ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತೆ, ದಪ್ಪ ಎಷ್ಟು ಅನ್ನೋದು ಮೂಲೇಲಿ ಸಣ್ಣದಾಗಿ. ಕೊಳ್ಳೋರು ಮೊದಲು ಓದಬೇಕಾದ್ದು ಮೂಲೆಯದ್ದು. ಕೆ.ಜಿ. ಅನ್ನೋದು ಒಣ ದಾರವನ್ನ ಗಂಟಿಲ್ಲದೆ ಎಳೆದ ಲೆಕ್ಕವೂ ಆಗಿರಬಹುದು. ನೈಲಾನ್ ನೀರು ಹೀರಿಕೊಳ್ಳುತ್ತೆ, ಒದ್ದೆಯಾದಾಗ ಬಲ ಸ್ವಲ್ಪ ಇಳಿಯುತ್ತೆ. ಗಂಟು ಬಿದ್ದಲ್ಲಿ ಇನ್ನೂ ಇಳಿಯುತ್ತೆ.

ದಪ್ಪಕ್ಕೂ ಬಲಕ್ಕೂ ಇರೋ ಸಂಬಂಧ ನೇರ ಅಲ್ಲ, ವರ್ಗದ ಲೆಕ್ಕ. 0.30ರ ದಾರ 0.15ರ ದಾರಕ್ಕಿಂತ ಎರಡು ಪಟ್ಟು ದಪ್ಪ, ಆದರೆ ನಾಲ್ಕು ಪಟ್ಟು ಗಟ್ಟಿ. ಅಂದ್ರೆ 0.20 ಬಿಟ್ಟು 0.25ಕ್ಕೆ ಹೋದರೂ ಬಲ ಒಂದೂವರೆ ಪಟ್ಟು ಆಗುತ್ತೆ. ಒಂದೇ ಒಂದು ಹೆಜ್ಜೆ ಮೇಲೆ ಹೋದರೆ ಸಾಕಾಗೋ ಕಡೆ ಮೂರು ಹೆಜ್ಜೆ ಹೋಗೋದು ಇಲ್ಲಿ ಸಾಮಾನ್ಯ ತಪ್ಪು.

ಅನುಮಾನ ಇದ್ದರೆ ಬಕೆಟ್ ಪರೀಕ್ಷೆ ಮಾಡಬಹುದು. ತುದಿ ದಾರವನ್ನ ನೀರಲ್ಲಿ ಹತ್ತು ನಿಮಿಷ ನೆನೆಸಿ, ನಡು ದಾರಕ್ಕೆ ಮಾಮೂಲಿ ಗಂಟು ಹಾಕಿ, ಖಾಲಿ ಬಕೆಟ್ಟಿಗೆ ಕಟ್ಟಿ ತೂಗುಹಾಕಿ, ಲೀಟರ್ ಲೋಟದಲ್ಲಿ ನಿಧಾನಕ್ಕೆ ನೀರು ಹುಯ್ತಾ ಹೋಗೋದು. ಒಂದು ಲೀಟರ್ ಅಂದ್ರೆ ಒಂದು ಕೆ.ಜಿ., ಬಕೆಟ್ಟಿನ ತೂಕ ಸೇರಿಸಿಕೊಂಡ್ರೆ ಆಯ್ತು. ಎಲ್ಲಿ ಕಿತ್ತಿತು ಅನ್ನೋದು ಎಷ್ಟಕ್ಕೆ ಕಿತ್ತಿತು ಅನ್ನೋದಕ್ಕಿಂತ ಮುಖ್ಯ. ಗಂಟಿನಲ್ಲೇ ಕಿತ್ತರೆ ದಾರ ಬದಲಾಯಿಸೋ ಮುಂಚೆ ಗಂಟು ಬದಲಾಯಿಸಬೇಕು.

ನೈಲಾನ್, ಫ್ಲೋರೋಕಾರ್ಬನ್, ಹೆಣೆದ ದಾರ

ಅಂಗಡಿಯಲ್ಲಿ ಈಗ ಮೂರು ಥರದ ದಾರ ಸಿಗುತ್ತೆ. ದುಬಾರಿಯಾದದ್ದೇ ಒಳ್ಳೇದು ಅನ್ನೋ ಲೆಕ್ಕ ತೇಲೋ ಗಾಳಕ್ಕೆ ಉಲ್ಟಾ.

ಫ್ಲೋರೋಕಾರ್ಬನ್ ನೈಲಾನ್‌ಗಿಂತ ದುಬಾರಿ. ನೀರಿನಲ್ಲಿ ಕಾಣೋದು ಕಡಿಮೆ, ಕಲ್ಲಿಗೆ ಉಜ್ಜಿದ್ರೂ ಬೇಗ ಸವೆಯಲ್ಲ, ನೀರು ಕುಡಿಯಲ್ಲ. ಆದರೆ ಭಾರ. ನೀರಿಗೆ 1 ಅಂದ್ರೆ ನೈಲಾನ್‌ದು ಸುಮಾರು 1.14, ಫ್ಲೋರೋಕಾರ್ಬನ್‌ದು 1.78. ಹಾಗಾಗಿ ಅದು ಮುಳುಗುತ್ತೆ, ಮುಳುಗ್ತಾ ತೇಲೋ ಹುಳವನ್ನೂ ಜೊತೆಗೆ ಎಳೆಯುತ್ತೆ. ತಳಕ್ಕೆ ಗಾಳ ಬಿಡೋರಿಗೆ, ಮೃಗಾಲ್, ಗೆಂಡೆ ಹಿಡಿಯೋರಿಗೆ ಅದು ಸರಿ. ಈಸಲು, ಪುರಿ, ಗರಿ ಗಾಳ ತೇಲಿಸೋರಿಗೆ ಸಾದಾ ನೈಲಾನ್ ತಂಗೂಸಿಯೇ ಸರಿ. ನೈಲಾನೂ ನೀರಿಗಿಂತ ಒಂಚೂರು ಭಾರವೇ, ಆದರೂ ಸಣ್ಣ ಎಳೆಯನ್ನ ನೀರಿನ ಮೈಯೇ ಹೊತ್ತುಕೊಂಡಿರುತ್ತೆ. ಮೆತ್ತಗಿರುತ್ತೆ, ಸ್ವಲ್ಪ ಜಗ್ಗುತ್ತೆ, ಮೀನಿನ ಮೊದಲ ಜಗ್ಗಾಟಕ್ಕೆ ಅದೇ ಸ್ಪ್ರಿಂಗ್.

ಹೆಣೆದ ದಾರ ಅದೇ ದಪ್ಪದ ನೈಲಾನ್‌ಗಿಂತ ತುಂಬಾ ಗಟ್ಟಿ, ತೇಲುತ್ತೆ ಕೂಡ. ಆದರೆ ನೂಲಿನ ಥರ ಎದ್ದು ಕಾಣುತ್ತೆ, ಜಗ್ಗೋದೇ ಇಲ್ಲ, ಎಳೆದಾಟದಲ್ಲಿ ಬೆರಳು ಕೊಯ್ಯುತ್ತೆ. ರೀಲಿಗೆ ಸುತ್ತೋಕೆ ಇರಲಿ, ತುದಿಗೆ ಬೇಡ.

ಅಂಗಡಿಯವರು ಗಮನಿಸಬೇಕಾದ ಒಂದು ಮಾತು: ನೈಲಾನ್‌ಗೆ ಬಿಸಿಲು ಶತ್ರು. ಬಾಗಿಲ ಮುಂದೆ ಬಾಳೆಗೊನೆ ಥರ ತೂಗುಹಾಕಿದ ತಂಗೂಸಿ ರೀಲು ಪಾವಗಡದ ಬೇಸಿಗೆ ಕಂಡಮೇಲೆ ಹೊಸದಾಗಿ ಕಾಣುತ್ತೆ, ಎಳೆದರೆ ಮುರಿಯುತ್ತೆ. ಅದನ್ನ ಒಳಗೆ, ಡಬ್ಬದಲ್ಲಿ ಇಡಬೇಕು. ಗಿರಾಕಿ ಕೂಡ ಹೋದ ವರ್ಷದ ತುದಿ ದಾರ ಉಳಿಸಿಕೊಳ್ಳೋದು ಬೇಡ. ನಡು ದಾರ ಎರಡು ಮಳೆಗಾಲ ಬಂದೀತು, ತುದಿಯದ್ದು ಪ್ರತಿ ವರ್ಷ ಹೊಸದಾಗಬೇಕು.

ಯಾವ ಮೀನಿಗೆ ಎಷ್ಟು

ಗಾಳದ ಕೊಕ್ಕೆಗೂ ನಂಬರು ತಿರುಗುಮುರುಗು, 14 ಅಂದ್ರೆ 8ಕ್ಕಿಂತ ಚಿಕ್ಕದು. ಡ್ರೈ ಫ್ಲೈನೋರ ಬಾಯಿಲೆಕ್ಕ ಹೀಗಿದೆ: ಕೊಕ್ಕೆ ನಂಬರನ್ನ ಮೂರರಿಂದ ಭಾಗಿಸಿದ್ರೆ ಎಕ್ಸ್ ನಂಬರು. 12ರ ಕೊಕ್ಕೆಗೆ 4ಎಕ್ಸ್, 15ರ ಆಸುಪಾಸಿಗೆ 5ಎಕ್ಸ್. ಬಿಡಿಯಾಗಿ ಸಿಗೋ ಕೊಕ್ಕೆಗಳ ನಂಬರು ಕಂಪನಿಯಿಂದ ಕಂಪನಿಗೆ ಬದಲಾಗೋದರಿಂದ ಇದನ್ನ ವೇದವಾಕ್ಯ ಅಂದ್ಕೊಳ್ಳೋದು ಬೇಡ. ಹುಳ ಸಿಕ್ಕಿಸಿದ ಕೊಕ್ಕೆ ತುದಿ ದಾರದಲ್ಲಿ ಸಲೀಸಾಗಿ ತೂಗಾಡಬೇಕು, ಕಡ್ಡಿಗೆ ಕಟ್ಟಿದಂತೆ ನಿಲ್ಲಬಾರದು. ಅದೇ ಗುರುತು.

ಪಕ್ಕೆಗಳಿಗೆ 0.12ರಿಂದ 0.15 ಸಾಕು. ಅಂಗೈ ಅಗಲದ ಜಿಲೇಬಿಗೆ 0.18, ಅರ್ಧ ಕೆ.ಜಿ. ದಾಟೋ ಕೆರೆಯಾದ್ರೆ 0.20. ಕಾಟ್ಲಾ ಮೇಲೆ ಬರೋ ಕೆರೆಗೆ 0.25ರಿಂದ 0.28, ಅದೂ ರೀಲ್ ಇದ್ದರೆ. ಬರೀ ಬಿದಿರು ಕೋಲಿನೋರು ಎಲ್ಲಾ ಕಡೆ ಒಂದು ಹೆಜ್ಜೆ ಮೇಲೆ ಇರೋದು ಒಳ್ಳೇದು. ರೀಲಿನಲ್ಲಿ ಮೀನು ಎಳೆದಾಗ ದಾರ ಬಿಚ್ಚಿಕೊಡುತ್ತೆ, ಕೋಲಿನಲ್ಲಿ ಬಿಚ್ಚೋಕೆ ಏನೂ ಇಲ್ಲ, ಪೆಟ್ಟೆಲ್ಲ ತುದಿಯ ಎಳೆಗೇ. ಇನ್ನೊಂದು: ನೀರೊಳಗಿನ ಮೀನಿಗೆ ತೂಕವೇ ಇರಲ್ಲ ಅನ್ನಬಹುದು, ಮೇಲೆತ್ತಿದ ಕ್ಷಣ ಪೂರ್ತಿ ತೂಕ ದಾರದ ಮೇಲೆ ಬೀಳುತ್ತೆ. ಏರಿ ಮೇಲೆ ನಿಂತು ಕೋಲಿನಿಂದಲೇ ಎತ್ತಿ ಬಿಸಾಡೋ ಅಭ್ಯಾಸ ಬಿಟ್ಟು ಒಂದು ಕೈಬಲೆ ಇಟ್ಟುಕೊಂಡ್ರೆ ಅರ್ಧದಷ್ಟು ದಾರ ಉಳಿಯುತ್ತೆ.

ಕೊರಮೀನಿಗೆ ಮಾತ್ರ ಈ ಸೂಕ್ಷ್ಮ ಯಾವುದೂ ಬೇಡ. ಅದು ಜೊಂಡಿನಲ್ಲಿರುತ್ತೆ, ಹಲ್ಲಿದೆ, ಕಪ್ಪೆ ಕಂಡರೆ ನೋಡಿ ಯೋಚಿಸೋ ಜಾತಿಯೂ ಅಲ್ಲ. 0.40 ಅಥವಾ ಅದಕ್ಕೂ ದಪ್ಪದ ದಾರ ನೇರವಾಗಿ ಕೊಕ್ಕೆವರೆಗೆ. ಅದಕ್ಕೆ ಸಣ್ಣ ತುದಿ ಕಟ್ಟಿದ್ರೆ ಬಾಯಲ್ಲಿ ಕೊಕ್ಕೆ ಇಟ್ಕೊಂಡೇ ಓಡಿಹೋಗುತ್ತೆ, ಮೀನಿಗೂ ಕಷ್ಟ, ಹಿಡಿಯೋನಿಗೂ ನಷ್ಟ.

ನೀರು ನೋಡೋದನ್ನೂ ಮರೆಯಬಾರದು. ಮೊದಲ ಮಳೆಗೆ ಕೆರೆಗೆ ಬರೋದು ಕೆಂಪು ಬಗ್ಗಡ. ಆಗ 0.25 ಕಟ್ಟಿದ್ರೂ ಮೀನಿಗೆ ಕಾಣಲ್ಲ. ದೀಪಾವಳಿ ಕಳೆದು ಸಂಕ್ರಾಂತಿ ಹೊತ್ತಿಗೆ ನೀರು ತಿಳಿಯಾಗುತ್ತೆ, ಗಾಳಿ ನಿಂತ ಸಂಜೆ ಕನ್ನಡಿ ಥರ ಇರುತ್ತೆ. ಆಗ 0.15ಕ್ಕೆ ಇಳಿಯದೆ ಗತಿ ಇಲ್ಲ. ತೀತಾ ಜಲಾಶಯದಂಥ ದೊಡ್ಡ ನೀರಿನಲ್ಲಿ ಅಲೆ ಇರೋದರಿಂದ ಒಂಚೂರು ದಪ್ಪ ನಡೆಯುತ್ತೆ.

ಹೊಸ ನೈಲಾನ್ ಮಿರಮಿರ ಮಿಂಚುತ್ತೆ, ನೀರಿನ ಮೇಲೇ ಉಬ್ಬಿ ನಿಲ್ಲುತ್ತೆ. ಕೊಕ್ಕೆ ಹತ್ತಿರದ ಒಂದು ಗೇಣು ಸ್ವಲ್ಪ ಮುಳುಗಿದ್ರೆ ಮೀನಿನ ಕಣ್ಣಿಗೆ ಕಡಿಮೆ ಬೀಳುತ್ತೆ. ಇದಕ್ಕೆ ವಿದೇಶದಲ್ಲಿ ಡಬ್ಬಿಯಲ್ಲಿ ಜೇಡಿಮಣ್ಣು ಮಾರ್ತಾರೆ. ಇಲ್ಲಿ ಅದನ್ನ ದುಡ್ಡು ಕೊಟ್ಟು ಕೊಳ್ಳೋ ಅಗತ್ಯ ಇಲ್ಲ, ಕಾಲಡಿಯ ಕೆರೆಗೋಡು ಚಿಟಿಕೆ ತಗೊಂಡು ಬೆರಳಲ್ಲಿ ಉಜ್ಜಿದ್ರೆ ಆಯ್ತು.

ಗಂಟು

ದಪ್ಪ ದಾರಕ್ಕೆ ನೇರವಾಗಿ ಎಳೆ ದಾರ ಕಟ್ಟಿದ್ರೆ ಗಂಟು ಜಾರುತ್ತೆ, ಇಲ್ಲವೇ ಎಳೆ ಅಲ್ಲೇ ಮುರಿಯುತ್ತೆ. ಒಂದು ಗಂಟಿಗೂ ಇನ್ನೊಂದಕ್ಕೂ 0.05ರಿಂದ 0.08 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇಲ್ಲದಂತೆ ಇಳಿಸಿಕೊಂಡು ಬರಬೇಕು. 0.35, ಆಮೇಲೆ ಎರಡು ಅಡಿ 0.28, ಆಮೇಲೆ ಒಂದೂವರೆ ಅಡಿ 0.20. ಬಿದಿರು ಕೋಲಿಗೆ ಇಷ್ಟು ಇಳಿಜಾರು ಸಾಕು.

ಎರಡು ದಾರ ಸೇರಿಸೋಕೆ ಕಲಿಯಲು ಸುಲಭವಾದದ್ದು ಸರ್ಜನ್ ಗಂಟು. ಎರಡೂ ತುದಿಗಳನ್ನ ಒಂದು ಗೇಣು ಜೋಡಿಸಿ ಹಿಡಿದು, ಎರಡನ್ನೂ ಒಂದೇ ದಾರ ಅಂದ್ಕೊಂಡು ಸಾದಾ ಗಂಟಿನ ಕುಣಿಕೆ ಮಾಡಿ, ಅದರೊಳಗೆ ಎರಡು ಅಥವಾ ಮೂರು ಸಲ ತೂರಿಸಿ ನಾಲ್ಕೂ ಎಳೆ ಹಿಡಿದು ಎಳೆಯೋದು. ಕೊಕ್ಕೆಗಾದ್ರೆ ಕಣ್ಣಿನೊಳಗೆ ದಾರ ತೂರಿಸಿ, ಮೂಲ ದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಹತ್ತಿರದ ಕುಣಿಕೆಯೊಳಗೆ ತುದಿ ತೂರಿಸಿ ಬಿಗಿಯೋದು.

ಬಿಗಿಯೋ ಮುಂಚೆ ಎಂಜಲು ಹಚ್ಚಬೇಕು. ಒಣ ನೈಲಾನ್ ಎಳೆದಾಗ ಉಜ್ಜಿ ಬಿಸಿಯಾಗುತ್ತೆ, ಆ ಬಿಸಿಗೇ ಗಂಟು ಸಾಯುತ್ತೆ. ಬೀಡಿ ತುದಿಯಿಂದ ಗಂಟಿನ ಬಾಲ ಸುಟ್ಟು ಗುಂಡಗೆ ಮಾಡೋದೂ ಅದೇ ತಪ್ಪು, ನೋಡೋಕೆ ಭದ್ರ, ಒಳಗೆ ಬೆಂದಿರುತ್ತೆ. ಉಗುರು ಕತ್ತರಿ ಸಾಕು.

ಕಿತ್ತ ಮೇಲೆ ನೀರಲ್ಲಿ ಉಳಿಯೋದು

ತುದಿ ದಾರ ಸಣ್ಣಗಿರಬೇಕು ಅನ್ನೋದಕ್ಕೆ ಮೀನಿಗೆ ಸಂಬಂಧವಿಲ್ಲದ ಕಾರಣವೂ ಇದೆ. ಈ ಭಾಗದ ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತೆ. ವರ್ಷಗಟ್ಟಲೆ ಒಣಗಿದ ಕೆರೆಗಳು 2022ರ ಮಳೆಗೆ ಕೋಡಿ ಬಿದ್ದಾಗ ಆ ಜಾಲಿಯೆಲ್ಲ ನೀರಿನಡಿಗೆ ಹೋಯ್ತು. ಕೊಕ್ಕೆ ಜಾಲಿಗೆ ಸಿಕ್ಕಿಕೊಳ್ಳೋದು ದಿನಾ ನಡೆಯೋದು. ಕೋಲಿನಿಂದ ಕೊಕ್ಕೆವರೆಗೂ ಒಂದೇ ದಪ್ಪ ಇದ್ದರೆ ಎಳೆದಾಗ ಎಲ್ಲಿ ಬೇಕಾದ್ರೂ ಕೀಳುತ್ತೆ. ಎಷ್ಟೋ ಸಲ ಕೋಲಿನ ತುದಿಯ ಗಂಟಿನಲ್ಲೇ. ಹತ್ತು ಹನ್ನೆರಡು ಅಡಿ ತಂಗೂಸಿ ಕೊಕ್ಕೆ ಸಮೇತ ಜಾಲಿಯಲ್ಲೇ ಉಳಿಯುತ್ತೆ. ತುದಿ ಸಣ್ಣಗಿದ್ದರೆ ಕೀಳೋದು ಅಲ್ಲೇ, ಹೋಗೋದು ಒಂದೂವರೆ ಅಡಿ.

ಆ ವ್ಯತ್ಯಾಸ ದೊಡ್ಡದು. ಶಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟಿ ಮರಿ ಮಾಡ್ತವೆ. ಊರಿನವರು ಅವನ್ನ ಓಡಿಸದೆ ಕಾಪಾಡಿಕೊಂಡು ಬಂದಿದ್ದಾರೆ. ಆ ಹಕ್ಕಿಗಳು ಮೇಯೋಕೆ ಹೋಗೋದು ಸುತ್ತಲಿನ ಕೆರೆಗಳಿಗೇ. ಬಣ್ಣದ ಕೊಕ್ಕರೆ ಕಣ್ಣಿಂದ ನೋಡಿ ಬೇಟೆ ಹಿಡಿಯೋದಕ್ಕಿಂತ ಸ್ಪರ್ಶದಿಂದ ಹಿಡಿಯೋದು ಹೆಚ್ಚು. ಕೊಕ್ಕು ಅರ್ಧ ತೆರೆದು ನೀರಲ್ಲಿ ಅದ್ದಿ, ಅತ್ತಿತ್ತ ಆಡಿಸ್ತಾ ನಡೆಯುತ್ತೆ, ತಾಗಿದ್ದನ್ನ ಕಚ್ಚುತ್ತೆ. ಕಾಣದ ತಂಗೂಸಿ ಕೊಕ್ಕಿಗೂ ಕಾಲಿಗೂ ಸುತ್ತಿಕೊಂಡ್ರೆ ಬಿಡಿಸಿಕೊಳ್ಳೋಕೆ ಅದಕ್ಕೆ ಕೈ ಇಲ್ಲ. ಎಳೆದಷ್ಟೂ ಬಿಗಿಯಾಗುತ್ತೆ. ಅದೇ ದಾರ ಕಾಲಿಗೆ ಜೋತುಬಿದ್ದು ಮರಕ್ಕೆ ಹೋದರೆ ಕೊಂಬೆಗೆ ಸಿಕ್ಕಿ ಅಲ್ಲೇ ನೇತಾಡಬೇಕಾಗುತ್ತೆ. ನೀರು ಕುಡಿಯೋಕೆ ಇಳಿಯೋ ಕುರಿ, ಎಮ್ಮೆಗಳ ಗೊರಸಿನ ಸಂದಿಗೂ, ಬರಿಗಾಲಲ್ಲಿ ಇಳಿಯೋ ಮಕ್ಕಳಿಗೂ ಕೊಕ್ಕೆ ಸಮೇತದ ದಾರ ಒಂದೇ ಥರ.

ಇದನ್ನ ತಡೆಯೋಕೆ ಬೋರ್ಡು ಹಾಕೋದಕ್ಕಿಂತ ಅಂಗಡಿಯವರು ಮಾಡಬಹುದಾದ ಕೆಲಸ ಹೆಚ್ಚು. ತಂಗೂಸಿ ಕೇಳಿದವನಿಗೆ ಒಂದೇ ರೀಲು ಕೊಡೋ ಬದಲು ನಡು ದಾರದ ಜೊತೆ ಹತ್ತು ಮೀಟರ್ ತುದಿ ದಾರ ಕತ್ತರಿಸಿ ಕೊಟ್ಟರೆ ವ್ಯಾಪಾರವೂ ಆಯ್ತು, ಕೆರೆಯೂ ಉಳಿಯಿತು. 0.35, 0.28, 0.20, 0.15 ಈ ನಾಲ್ಕು ಅಳತೆ ಇಟ್ಟರೆ ಈ ತಾಲ್ಲೂಕುಗಳ ಕೆರೆಗೆ ಬೇಕಾದ್ದೆಲ್ಲ ಬಂತು, ಕೊರಮೀನಿನವರಿಗೆ ಒಂದು 0.40 ಬೇರೆ. ರೀಲಿನ ಮೇಲೆ ಅಳತೆಯನ್ನ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ರೆ "ದಪ್ಪದ್ದಾ, ಸಣ್ಣದಾ" ಅನ್ನೋ ಪ್ರಶ್ನೆ "ಯಾವ ಮೀನಿಗೆ?" ಅಂತ ಬದಲಾಗುತ್ತೆ.

ಹೊಸದಾಗಿ ಶುರುಮಾಡೋರು ಇನ್ನೊಂದು ತಿಳ್ಕೊಂಡಿರಬೇಕು. ಬಹಳ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತೆ, ಮರಿ ಬಿಟ್ಟವರು ದುಡ್ಡು ಹಾಕಿರ್ತಾರೆ. ಗಾಳ ಒಂದೇ ಆದ್ರೂ ಗುತ್ತಿಗೆದಾರರನ್ನೋ, ಪಂಚಾಯ್ತಿಯನ್ನೋ ಕೇಳಿ ಇಳಿಯೋದು ಸರಿ. ಕೇಳದೆ ಹೋಗಿ ಏರಿ ಮೇಲೆ ಜಗಳ ಆಗೋದು ಇದ್ದದ್ದೇ.

ಕಿತ್ತು ಕೈಗೆ ಬಂದ ದಾರವನ್ನ ಏರಿ ಮೇಲೆ ಬಿಸಾಡದೆ ಬೀಡಿ ಕಟ್ಟಿನ ಕಾಗದಕ್ಕೋ, ಬೆಂಕಿಪೊಟ್ಟಣಕ್ಕೋ ಸುತ್ತಿ ಜೇಬಿಗೆ ಹಾಕ್ಕೊಂಡು ಬರಬೇಕು. ಮನೇಲಿ ಹಾಗೇ ಕಸಕ್ಕೆ ಹಾಕಿದ್ರೂ ಕಸದ ಗುಡ್ಡೆಯಲ್ಲಿ ಕಾಗೆ, ಬೆಳ್ಳಕ್ಕಿಗೆ ಅದೇ ಪಾಡು. ಕತ್ತರಿಯಲ್ಲಿ ಬೆರಳುದ್ದಕ್ಕಿಂತ ಚಿಕ್ಕದಾಗಿ ತುಂಡು ಮಾಡಿ ಹಾಕಬೇಕು, ಒಂದು ಕಾಲಿಗೆ ಸುತ್ತೋಕೂ ಸಾಲದಷ್ಟು.